ಕಲ್ಲು ಇದ್ದವರು, ಕಲ್ಲು ಇಲ್ಲದವರು: ನಮ್ಮೂರ ಸಿಮೆಸ್ತ್ರಿ ದಾಖಲಿಸಿದ ನನ್ನ ಅನುಭವ

ಮಂಗಳೂರಿನಿಂದ ಬಂಟ್ವಾಳದ ಕಡೆ ಹೋಗುವಾಗ ನೇತ್ರಾವತಿಯ ದಂಡೆಯಲ್ಲಿ ನಮ್ಮ ಊರು ಸಿಗುತ್ತದೆ. ಚರ್ಚಿನ ಹಿಂದೆ ಗುಡ್ಡದ ಇಳಿಜಾರಿನಲ್ಲಿ, ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯ ಒಳಗೆ ಸಿಮೆಸ್ತ್ರಿ ಉಂಟು. ಕೊಂಕಣಿ ಮಾತಾಡುವ ಕ್ರೈಸ್ತರು ಸಮಾಧಿ ಜಾಗಕ್ಕೆ ಹಾಗೆಯೇ ಹೇಳುವುದು. ಊರಿನ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಮುಂದೆ ಬರುವ ಕೆಲವು ವಿಷಯಗಳು ಈಗಲೂ ಊರಲ್ಲಿರುವ ಮನೆಗಳಿಗೆ ಸೇರಿದವು. ಅವರಿಗೆ ನೋವಾಗುವುದು ನನಗೆ ಬೇಡ.

ಸಿಮೆಸ್ತ್ರಿಯನ್ನು ಸರಿಮಾಡಬೇಕು, ನಡುವೆ ಇಂಟರ್‌ಲಾಕ್ ಹಾಕಬೇಕು, ಹಳೆಯ ಕಟ್ಟೆಗಳನ್ನು ತೆಗೆದು ಒಂದೇ ಅಳತೆಯ ಗ್ರಾನೈಟ್ ಕೂರಿಸಬೇಕು ಎಂಬ ಮಾತು ಊರಲ್ಲಿ ಎದ್ದಾಗ ನಾನು ಈ ಕೆಲಸಕ್ಕೆ ಇಳಿದೆ. ಸರಿಮಾಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಶವಪೆಟ್ಟಿಗೆ ಹೊತ್ತುಕೊಂಡು ಆ ಪಾಚಿಯ ಮೇಲೆ ನಡೆದವರಿಗೆ ಅದರ ಕಷ್ಟ ಗೊತ್ತು. ಆದರೆ ತೆಗೆಯುವ ಮೊದಲು ಏನಿತ್ತು ಅಂತ ಬರೆದಿಡಬೇಕಲ್ವಾ? ನಮ್ಮಲ್ಲಿ ಜಾಗ ಕಡಿಮೆ. ದುಡ್ಡು ಕೊಟ್ಟು ಸ್ವಂತಕ್ಕೆ ಮಾಡಿಕೊಂಡ ಕುಟುಂಬದ ಸಮಾಧಿಗಳನ್ನು ಬಿಟ್ಟರೆ ಉಳಿದ ಗುಂಡಿಗಳನ್ನು ಕೆಲವು ವರ್ಷ ಕಳೆದ ಮೇಲೆ ಇನ್ನೊಬ್ಬರಿಗಾಗಿ ಮತ್ತೆ ಅಗೆಯುತ್ತಾರೆ. ಸಿಕ್ಕಿದ ಎಲುಬುಗಳನ್ನು ಮೂಲೆಯ ಬಾವಿಯಲ್ಲಿ ಹಾಕುತ್ತಾರೆ. ಹಾಗಾಗಿ ಮೇಲೆ ಕಾಣುವ ಕಲ್ಲುಗಳು ಊರಿನ ಒಂದು ಸಣ್ಣ ಪಾಲು ಮಾತ್ರ. ಕಲ್ಲುಗಳನ್ನಷ್ಟೇ ಓದಿ ಇದೇ ನಮ್ಮೂರಿನ ಚರಿತ್ರೆ ಅಂದರೆ ದೊಡ್ಡ ಮನೆಗಳ ಚರಿತ್ರೆ ಮಾತ್ರ ಸಿಗುತ್ತದೆ. ಈ ಕೆಲಸದ ಉದ್ದಕ್ಕೂ ನನ್ನನ್ನು ಎಳೆದದ್ದು ಕಲ್ಲು ಇಲ್ಲದವರು.

ಮೊದಲು ವಿಗಾರರ, ಅಂದರೆ ಚರ್ಚಿನ ಮುಖ್ಯ ಪಾದ್ರಿಯ, ಒಪ್ಪಿಗೆ ಕೇಳಿದೆ. ಬಾಯಿಮಾತಲ್ಲ, ಒಂದು ಕಾಗದ ಬರೆದು ಕೊಟ್ಟೆ. ಏನು ಮಾಡುತ್ತೇನೆ, ಯಾವ ಕಲ್ಲನ್ನೂ ಕದಲಿಸುವುದಿಲ್ಲ, ಮುಗಿದ ಮೇಲೆ ಒಂದು ಪ್ರತಿ ಚರ್ಚಿಗೆ ಕೊಡುತ್ತೇನೆ ಅಂತ ಅದರಲ್ಲಿತ್ತು. ಪ್ರತಿ ವಾಡೊದ (ಚರ್ಚಿನ ವಾರ್ಡಿನ) ಮುಖಂಡರಾದ ಗುರ್ಕಾರರಿಗೂ ತಿಳಿಸಿದೆ. ಇದು ತುಂಬಾ ಮುಖ್ಯ. ಯಾರೋ ಒಬ್ಬರು ಅಳತೆ ಟೇಪು ಹಿಡಿದುಕೊಂಡು ಅಜ್ಜನ ಸಮಾಧಿಯ ಹತ್ತಿರ ಕೂತಿದ್ದಾರೆ ಅಂತ ಸುದ್ದಿಯಾದರೆ ಜಾಗದ ತಕರಾರು ಅಂತಲೇ ಜನ ತಿಳಿಯುತ್ತಾರೆ.

ಆಮೇಲೆ ನಕ್ಷೆ. ನಡುವಿನ ದೊಡ್ಡ ಶಿಲುಬೆಯಿಂದ ನಾಲ್ಕು ಕಡೆಗೆ ಹಗ್ಗ ಕಟ್ಟಿ, ಗ್ರಾಫ್ ಹಾಳೆಯಲ್ಲಿ ಸಾಲು ಸಾಲಾಗಿ ಗುರುತು ಹಾಕಿದೆ. ಫೋನಿನ ಜಿಪಿಎಸ್ ಇಲ್ಲಿ ಸಾಕಾಗುವುದಿಲ್ಲ. ಮೂರು ನಾಲ್ಕು ಮೀಟರ್ ಆಚೀಚೆ ತೋರಿಸುತ್ತದೆ, ಅಷ್ಟರಲ್ಲಿ ಎರಡು ಸಮಾಧಿ ಹಿಡಿಯುತ್ತವೆ. ಪ್ರತಿ ಸಮಾಧಿಗೂ ಒಂದು ನಂಬರು, ಒಂದು ಹಾಳೆ. ಕಟ್ಟೆ ಯಾವುದರದ್ದು, ಶಿಲುಬೆ ಮರದ್ದೋ ಕಬ್ಬಿಣದ್ದೋ ಕಲ್ಲಿನದ್ದೋ, ಮುಖ ಯಾವ ಕಡೆ, ಬರಹ ಯಾವ ಲಿಪಿ, ಎಷ್ಟು ಉಳಿದಿದೆ, ಎಲ್ಲ ಬರೆದೆ. ಕಟ್ಟೆ ಇಲ್ಲದ, ಸುಮ್ನೆ ಹುಲ್ಲು ಬೆಳೆದ ಜಾಗಕ್ಕೂ ನಂಬರು ಹಾಕಿದೆ. ಜೊತೆಗೆ ಬಂದ ಹುಡುಗರು ‘ಅಲ್ಲಿ ಏನೂ ಇಲ್ವಲ್ಲ’ ಅಂದರು. ಅಲ್ಲಿ ಯಾರೋ ಇದ್ದಾರೆ, ಹೆಸರು ಮಾತ್ರ ಇಲ್ಲ ಅಂತ ಹೇಳಿ ಬರೆಸಿದೆ. ಕೊನೆಗೆ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಆ ಖಾಲಿ ಹಾಳೆಗಳೇ.

ಕಲ್ಲು ಓದುವುದು ಬೆಳಕಿನ ಕೆಲಸ. ಮಟಮಟ ಮಧ್ಯಾಹ್ನ ಹೋದರೆ ಸವೆದ ಕಲ್ಲಿನಲ್ಲಿ ಒಂದಕ್ಷರವೂ ಕಾಣುವುದಿಲ್ಲ. ಬೆಳಗ್ಗೆ ಏಳು ಗಂಟೆಗೆ ಇಲ್ಲವೇ ಸಂಜೆ ಐದರ ಮೇಲೆ, ಬಿಸಿಲು ಓರೆಯಾಗಿ ಬೀಳುವಾಗ, ಅದೇ ಕಲ್ಲಿನ ಅಕ್ಷರಗಳಿಗೆ ನೆರಳು ಹುಟ್ಟುತ್ತದೆ. ಮರದಡಿಯ ಸಮಾಧಿಗಳಿಗೆ ಬಿಸಿಲೇ ಬರುವುದಿಲ್ಲ. ಅಲ್ಲಿಗೆ ಒಂದೂವರೆ ಅಡಿಯ ಕನ್ನಡಿ ತೆಗೆದುಕೊಂಡು ಹೋಗಬೇಕು. ಒಬ್ಬರು ದೂರ ಬಿಸಿಲಲ್ಲಿ ನಿಂತು ಕನ್ನಡಿಯಿಂದ ಬೆಳಕನ್ನು ಕಲ್ಲಿನ ಪಕ್ಕದಿಂದ, ಮೇಲ್ಮೈಗೆ ತಾಗುವ ಹಾಗೆ ಹಾಯಿಸಬೇಕು. ಇನ್ನೊಬ್ಬರು ಓದಬೇಕು.

ಕೆಳಗಿನ ಸಾಲಿನಲ್ಲಿ ಒಂದು ಕಾರ್ಕಳದ ಶಿಲೆ ಇತ್ತು. ತೀರಿದ ವರ್ಷದ ಮೊದಲ ಎರಡು ಅಂಕಿ 18 ಅಂತ ಸ್ಪಷ್ಟ, ಕೊನೆಯದು 9. ಮೂರನೆಯದು 6 ಅಥವಾ 8, ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಕನ್ನಡಿಯ ಬೆಳಕನ್ನು ಎಡದಿಂದ ಹಾಯಿಸಿದಾಗ ಕೆಳಗಿನ ಸುತ್ತು ಮಾತ್ರ ಮುಚ್ಚಿತು. ಬಲದಿಂದ ಹಾಯಿಸಿದಾಗ ಮೇಲಿನ ಗೆರೆ ಒಳಗೆ ಬಾಗಿ ನಿಂತಿತು, ಎಲ್ಲೂ ಕೂಡಲಿಲ್ಲ. ಅದು 6. ಆಮೇಲೆ ಚರ್ಚಿನ ಮರಣದ ರಿಜಿಸ್ಟರಿನಲ್ಲೂ 1869 ಅಂತಲೇ ಸಿಕ್ಕಿತು. ಒಂದು ಅಂಕಿಗೆ ಅಷ್ಟು ಹೊತ್ತು ಯಾಕೆ ಅಂತ ಕೇಳಬೇಡಿ. ಆ ಇಪ್ಪತ್ತು ವರ್ಷದ ವ್ಯತ್ಯಾಸದಲ್ಲಿ ಆ ಮನುಷ್ಯ ಒಂದು ಮನೆಯ ಅಜ್ಜನೋ ಅಪ್ಪನೋ ಎಂಬುದು ಬದಲಾಗುತ್ತದೆ.

ಸೀಸದ ಅಕ್ಷರ ಕೂರಿಸಿದ ಅಮೃತಶಿಲೆಯ ಫಲಕಗಳಲ್ಲಿ ಅಕ್ಷರಗಳು ಉದುರಿ ಬರೀ ಸಣ್ಣ ತೂತುಗಳು ಉಳಿದಿರುತ್ತವೆ. ಆ ತೂತುಗಳನ್ನೂ ಓದಬಹುದು. ಒಂದೇ ಫಲಕದಲ್ಲಿ ಉಳಿದಿರುವ ಅಕ್ಷರಗಳ ತೂತು ಹೇಗಿದೆ ಅಂತ ನೋಡಿಕೊಂಡರೆ ಕಳೆದುಹೋದವು ತಾವಾಗಿಯೇ ಸಿಗುತ್ತವೆ. ತುಂಬಾ ಕಷ್ಟವಾದದ್ದು ಮುರಕಲ್ಲಿನ ಸಮಾಧಿಗಳು. ಮುರಕಲ್ಲಿನಲ್ಲಿ ಅಕ್ಷರ ಕೆತ್ತಲು ಆಗುವುದಿಲ್ಲ, ಅದರ ತುಂಬಾ ತೂತು. ಹಾಗಾಗಿ ಮೇಲೆ ಸುಣ್ಣದ ಗಾರೆ ಬಳಿದು, ಹಸಿ ಇರುವಾಗಲೇ ಮೊಳೆಯಿಂದ ಹೆಸರು ಬರೆದಿದ್ದಾರೆ. ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ನಮ್ಮ ಮಳೆಗೆ ಆ ಗಾರೆ ಎಷ್ಟು ಕಾಲ ನಿಂತೀತು? ಬಡವರ ಹೆಸರು ಮೊದಲು ಅಳಿಸಿಹೋದದ್ದು ಹೀಗೆ.

ಶುಚಿ ಮಾಡುವ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ನೀರು ಮತ್ತು ಮೆತ್ತಗಿನ ಬ್ರಷ್, ಅಷ್ಟೇ. ತಂತಿ ಬ್ರಷ್ ಬೇಡ, ಆಸಿಡ್ ಬೇಡ, ಬ್ಲೀಚಿಂಗ್ ಪುಡಿ ಬೇಡ. ಪಾಚಿಯನ್ನು ಮಳೆಗಾಲದಲ್ಲಿ ಕೆರೆದರೆ ಕಲ್ಲಿನ ಪುಡಿಯೂ ಜೊತೆಗೆ ಬರುತ್ತದೆ. ಡಿಸೆಂಬರ್ ಕಳೆಯಲಿ, ಅದು ಒಣಗಿ ತಾನೇ ಸಡಿಲವಾಗುತ್ತದೆ. ಆಗ ಬಿದಿರಿನ ಕಡ್ಡಿ ಸಾಕು. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ಅಥವಾ ಮೈದಾ ಹಿಟ್ಟು ತಿಕ್ಕುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಸುಣ್ಣದ ಗಾರೆಗೆ ಒಂದು ತಿಕ್ಕಾಟವೇ ಜಾಸ್ತಿ. ನವೆಂಬರ್ 2ರ ಮೃತರ ದಿನಕ್ಕೆ ಮೊದಲು ಕುಟುಂಬದವರು ಬಂದು ಸಮಾಧಿಗಳಿಗೆ ಪೈಂಟ್ ಹೊಡೆಯುವುದು ನಮ್ಮಲ್ಲಿ ಪದ್ಧತಿ. ಪ್ರೀತಿಯಿಂದ ಮಾಡುವ ಕೆಲಸ ಅದು. ಆದರೆ ಪ್ರತಿ ವರ್ಷದ ಪೈಂಟಿನ ಕೆಳಗೆ ಅಕ್ಷರಗಳು ಮುಳುಗುತ್ತಾ ಹೋಗುತ್ತವೆ. ಹಾಗಾಗಿ ಫೋಟೊಗಳನ್ನು ಅಕ್ಟೋಬರ್ ಮುಗಿಯುವುದರೊಳಗೆ ತೆಗೆದುಬಿಡುವುದು ಒಳ್ಳೆಯದು.

ಇನ್ನು ಕಲ್ಲುಗಳು ಹೇಳಿದ ಕಥೆ. ನಮ್ಮ ಸಿಮೆಸ್ತ್ರಿಯಲ್ಲಿ 1799ಕ್ಕೆ ಮೊದಲಿನ ಒಂದು ಕಲ್ಲೂ ಇಲ್ಲ. ಕರಾವಳಿಯ ಕ್ರೈಸ್ತರಿಗೆ ಇದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಎರಡನೇ ಮೈಸೂರು ಯುದ್ಧದಲ್ಲಿ ಬ್ರಿಟಿಷರಿಗೆ ಸಹಾಯ ಮಾಡಿದರು ಎಂಬ ಆರೋಪದ ಮೇಲೆ 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ದಿನ, ಟಿಪ್ಪು ಸುಲ್ತಾನ್ ಇಲ್ಲಿನ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಚರ್ಚುಗಳನ್ನು ಕೆಡವಲಾಯಿತು. ಮೂಡುಬಿದಿರೆಯ ಹೊಸ್ಪೇಟೆ ಚರ್ಚು ಉಳಿದುಕೊಂಡಿತು. ಬದುಕಿದವರು ಮರಳಿ ಬಂದದ್ದು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ. ನಮ್ಮ ಊರಿನಲ್ಲಿ ಈಗಿನ ಚರ್ಚಿನ ಜಾಗ ಹಳೆಯದಲ್ಲ, ಹಳೆಯ ಚರ್ಚು ನದಿಗೆ ಇನ್ನೂ ಹತ್ತಿರ ಇತ್ತು ಅಂತ ಹಿರಿಯರು ಹೇಳುತ್ತಾರೆ. ಅಲ್ಲಿ ಈಗ ಅಡಿಕೆ ತೋಟ. ಅದರ ಮಾಲೀಕರು ಬಂಟರು. ಅವರ ಮನೆಯ ಹಿರಿಯ ಹೆಂಗಸೊಬ್ಬರು ನನ್ನನ್ನು ಕರೆದುಕೊಂಡು ಹೋಗಿ, ತೋಟದ ಒಂದು ಬದಿಯಲ್ಲಿ ಗುದ್ದಲಿ ಹಾಕದೆ ಬಿಟ್ಟ ಒಂದು ಪಟ್ಟಿ ತೋರಿಸಿದರು. ‘ಅದು ನಿಮ್ಮವರದ್ದು, ನಮ್ಮ ಅತ್ತೆಯ ಕಾಲದಿಂದಲೂ ಅಲ್ಲಿ ಅಗೆಯುವುದಿಲ್ಲ’ ಅಂತ ತುಳುವಿನಲ್ಲಿ ಹೇಳಿದರು. ಅದು ನಿಜವಾಗಿ ಸಮಾಧಿ ಜಾಗವೇ ಎಂಬುದಕ್ಕೆ ಕಾಗದದ ಸಾಕ್ಷಿ ಸಿಕ್ಕಿಲ್ಲ. ನಕ್ಷೆಯಲ್ಲಿ ‘ಹೇಳಿಕೆ’ ಅಂತ ಬೇರೆ ಬಣ್ಣದಲ್ಲಿ ಗುರುತಿಸಿದ್ದೇನೆ. ಅವರದ್ದೇ ತೋಟದ ಇನ್ನೊಂದು ಬದಿಯಲ್ಲಿ ಅವರ ಮನೆಯವರ ದೂಪೆಗಳು, ಅಂದರೆ ಸತ್ತವರ ಗುರುತಿನ ದಿಬ್ಬಗಳು ಇವೆ. ಎರಡನ್ನೂ ಒಂದೇ ಮರ್ಯಾದೆಯಿಂದ ಕಾಯ್ದುಕೊಂಡು ಬಂದ ಆ ಮನೆಯ ಬಗ್ಗೆ ನನಗೆ ತುಂಬಾ ಗೌರವ ಇದೆ.

ಭಾಷೆಗಳನ್ನು ಜೋಡಿಸಿದರೆ ಇನ್ನೊಂದು ಕಥೆ. ಅತಿ ಹಳೆಯ ಕಲ್ಲುಗಳು ಪೋರ್ಚುಗೀಸ್, ಪಾದ್ರಿಗಳದ್ದು ಲ್ಯಾಟಿನ್, ಓದಿದ ಮನೆಗಳದ್ದು ಇಂಗ್ಲಿಷ್. ಕನ್ನಡ ಲಿಪಿಯ ಕೊಂಕಣಿ ಆಮೇಲೆ ಬಂತು. 1878ರ ಡಿಸೆಂಬರ್ 31ರಂದು ಇಟಲಿಯ ಜೆಸುಯಿಟ್ ಸಭೆಯ ಪಾದ್ರಿಗಳು ಮಂಗಳೂರಿಗೆ ಬಂದರು, 1882ರಲ್ಲಿ ಕೊಡಿಯಾಲಬೈಲ್ ಪ್ರೆಸ್ ಶುರುವಾಯಿತು. 1912ರಲ್ಲಿ ‘ಕೊಂಕಣಿ ದಿರ್ವೆಂ’ ಪತ್ರಿಕೆ, 1938ರಲ್ಲಿ ‘ರಾಕ್ಣೊ’. ಮನೆಗೆ ಬರುವ ಪತ್ರಿಕೆ ಕನ್ನಡ ಲಿಪಿಯ ಕೊಂಕಣಿ ಆದ ಮೇಲೆ ಕಲ್ಲಿನ ಮೇಲೂ ಅದೇ ಬಂದಿದೆ. ಹೋಲಿಸಿ ನೋಡಲು ಮಂಗಳೂರಿನ ಬಾಸೆಲ್ ಮಿಶನ್ ಕಡೆಯ ಪ್ರೊಟೆಸ್ಟೆಂಟ್ ಸಮಾಧಿಗಳನ್ನೂ ನೋಡಿ ಬಂದೆ. ಅವರಲ್ಲಿ ಕನ್ನಡ ಬಹಳ ಮೊದಲೇ ಕಲ್ಲಿಗೆ ಏರಿದೆ. 1834ರಲ್ಲಿ ಬಂದ ಮಿಶನರಿಗಳು ಶಾಲೆ, ಛಾಪಖಾನೆಗಳಲ್ಲಿ ಹೆಚ್ಚಾಗಿ ಕನ್ನಡವನ್ನು ಹಿಡಿದರು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಅವರ ಜನ ಕನ್ನಡದಲ್ಲೇ ಓದಿದರು, ಕನ್ನಡದಲ್ಲೇ ಹೆಸರು ಕೆತ್ತಿಸಿದರು.

ಜಮೀನಿನ ಕಥೆ ಇದಕ್ಕಿಂತ ದೊಡ್ಡದು. ಕಲ್ಲುಗಳನ್ನು ವರ್ಷದ ಪ್ರಕಾರ ಹಾಳೆಯಲ್ಲಿ ಸಾಲಾಗಿ ಬರೆದಾಗ ನನಗೆ ಇದು ಕಣ್ಣಿಗೆ ಹೊಡೆಯಿತು. 1970ರ ತನಕದ ಶಿಲೆಗಳೆಲ್ಲ ಹೆಚ್ಚುಕಡಿಮೆ ಎಂಟು ಹತ್ತು ಮನೆಗಳದ್ದು. ಗೇಣಿ ಅಕ್ಕಿ ಬರುತ್ತಿದ್ದ ಧನಿಗಳ ಮನೆಗಳು. ಒಕ್ಕಲುಗಳ ಮನೆಯವರಿಗೆ ಮರದ ಶಿಲುಬೆ, ಜಾಸ್ತಿ ಅಂದರೆ ಗಾರೆಯ ಕಟ್ಟೆ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಯಾಯಿತು. ನಮ್ಮೂರಲ್ಲಿ ಈಗಲೂ ‘ಡಿಕ್ಲರೇಶನ್ ಕೊಟ್ಟ ಕಾಲ’ ಅಂತಲೇ ಹೇಳುವುದು. ಗೇಣಿದಾರರು ಫಾರಂ 7 ಎಂಬ ಅರ್ಜಿ ಕೊಟ್ಟು ಉಳುವ ಗದ್ದೆಗೆ ಒಡೆಯರಾದರು. ಅದಾಗಿ ಕೆಲವೇ ವರ್ಷಗಳಲ್ಲಿ ಹೊಸ ಮನೆತನಗಳ ಕಲ್ಲುಗಳು ಸಿಮೆಸ್ತ್ರಿಯಲ್ಲಿ ಕಾಣುತ್ತವೆ. ಕೆಲವು ಕಲ್ಲುಗಳ ಮೇಲೆ 1940ರ, 1950ರ ಮರಣದ ತಾರೀಕು ಇದೆ, ಆದರೆ ಕಲ್ಲು, ಕೆತ್ತನೆ ಎಲ್ಲ ಆಮೇಲಿನದು. ಅಂದರೆ ಭೂಮಿ ಕೈಗೆ ಬಂದ ಮೇಲೆ ಮಕ್ಕಳು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಹೆಸರಿಲ್ಲದೆ ಮಲಗಿದ್ದ ಅಪ್ಪ ಅಮ್ಮನಿಗೆ ಹೆಸರು ಕೊಟ್ಟದ್ದು. ಈ ಸಾಲುಗಳನ್ನು ಬರೆಯುವಾಗ ನನಗೆ ಗಂಟಲು ಕಟ್ಟಿತ್ತು. ಆ ನಂತರದ ಕಲ್ಲುಗಳಲ್ಲಿ ಬೊಂಬಾಯಿಯ ದುಡ್ಡು, ಕುವೈತ್ ದುಬಾಯಿಯ ದುಡ್ಡು ಕಾಣುತ್ತದೆ. ಹೊಳೆಯುವ ಕಪ್ಪು ಗ್ರಾನೈಟ್, ಫೋಟೊ ಅಚ್ಚು ಹಾಕಿದ ಟೈಲು. 22-5-2010 ಎಂಬ ತಾರೀಕಿನ ಕಲ್ಲೂ ಇದೆ. ದುಬಾಯಿಯಿಂದ ಬಂದ ವಿಮಾನ ಮಂಗಳೂರಿನ ಬಜಪೆ ನಿಲ್ದಾಣದಲ್ಲಿ ರನ್‌ವೇ ದಾಟಿ ಹೊತ್ತಿ ಉರಿದು 158 ಜನ ಹೋದ ದಿನ ಅದು. ಈ ಊರುಗಳಲ್ಲಿ ಆ ತಾರೀಕಿಗೆ ವಿವರಣೆ ಬೇಡ.

ಮುಂದಿನ ಸಾಲು ಯಾರಿಗೆ, ಹಿಂದಿನ ಸಾಲು ಯಾರಿಗೆ ಎಂಬುದರಲ್ಲಿ ಜಾತಿಯೂ ಇತ್ತು. ಬಾಮಣ್ (ಬ್ರಾಹ್ಮಣ), ಚಾರ್ಡಿ (ಕ್ಷತ್ರಿಯ), ಸುದಿರ್ (ಶೂದ್ರ) ಎಂಬ ಭೇದ ನಮ್ಮ ಕ್ರೈಸ್ತರಲ್ಲೂ ಬಹಳ ಕಾಲ ಉಳಿದಿತ್ತು. ಹಿರಿಯರು ಇದನ್ನು ಹೇಳಲು ಹಿಂಜರಿಯುತ್ತಾರೆ. ನಾನು ಬರೆದಿದ್ದೇನೆ, ಬರೆಯದೆ ಇದ್ದರೆ ನಕ್ಷೆಗೆ ಅರ್ಥವೇ ಇರುವುದಿಲ್ಲ.

ಈಗ ಕಲ್ಲು ಇಲ್ಲದವರ ಕಡೆಗೆ ಬರುತ್ತೇನೆ. ಅವರು ಸಿಗುವುದು ಚರ್ಚಿನ ಮರಣದ ರಿಜಿಸ್ಟರಿನಲ್ಲಿ. ಹಳೆಯ ಪುಟಗಳು ಪೋರ್ಚುಗೀಸ್, ಆಮೇಲೆ ಲ್ಯಾಟಿನ್. ಹೆದರಬೇಡಿ. ಎಲ್ಲ ನಮೂದುಗಳೂ ಒಂದೇ ಅಚ್ಚಿನಲ್ಲಿ ಬರೆದವು. ಫಿಲಿಯುಸ್ ಅಂದರೆ ಮಗ, ಫಿಲಿಯ ಮಗಳು, ಉಕ್ಸೋರ್ ಹೆಂಡತಿ, ವಿದುವ ವಿಧವೆ, ಸೆಪುಲ್ತುಸ್ ಅಂದರೆ ಹೂಳಲಾಯಿತು. ಇಂಥ ಇಪ್ಪತ್ತು ಮೂವತ್ತು ಪದ ಕಲಿತರೆ ಸಾಕು, ಉಳಿದದ್ದು ಹೆಸರು ಮತ್ತು ತಾರೀಕು. ಕಷ್ಟ ಕೈಬರಹದ್ದು. ಒಬ್ಬ ಪಾದ್ರಿಯ ಕೈಬರಹಕ್ಕೆ ಕಣ್ಣು ಒಗ್ಗುವಷ್ಟರಲ್ಲಿ ಅವರ ವರ್ಗಾವಣೆ ಆಗಿರುತ್ತದೆ. ಹುಳ ತಿಂದ ಪುಟ ತಿರುವಲು ಅಗಲ ಮೊಂಡ ಚೂರಿಯಂಥದ್ದು ಬೇಕು, ಬೆರಳಿಗೆ ಎಂಜಲು ಹಚ್ಚಿ ತಿರುವಬಾರದು. ಫೋಟೊ ತೆಗೆಯಲು ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಸಾಕು.

1918ರ ಪುಟಗಳನ್ನು ತೆರೆದ ದಿನ ನನಗೆ ನೆನಪಿದೆ. ಅದಕ್ಕಿಂತ ಮೊದಲಿನ ವರ್ಷಗಳಲ್ಲಿ ಒಂದು ಪುಟ ತುಂಬಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಆ ವರ್ಷದ ಅಕ್ಟೋಬರ್ ಬಂದಾಗ ಒಂದೇ ದಿನಕ್ಕೆ ಹಲವು ನಮೂದು. ಅಕ್ಷರ ಸಣ್ಣದಾಗಿದೆ, ಸಾಲುಗಳು ಒತ್ತೊತ್ತಾಗಿವೆ, ಶಾಯಿ ತೆಳ್ಳಗಾಗಿದೆ. ಒಂದು ಮನೆಯ ತಾಯಿ, ಮೂರು ದಿನ ಬಿಟ್ಟು ಮಗು, ಮತ್ತೆ ಎರಡು ದಿನಕ್ಕೆ ತಂದೆ. ಸಾಮಾನ್ಯವಾಗಿ ಪಾದ್ರಿಗಳು ಕೊನೆಯ ಸಂಸ್ಕಾರ ಕೊಟ್ಟದ್ದನ್ನು ಬರೆಯುತ್ತಾರೆ. ಇಲ್ಲಿ ಸಂಸ್ಕಾರ ಸಿಗದೆ ತೀರಿದರು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅಂದರೆ ಪಾದ್ರಿ ತಲುಪುವ ಮೊದಲೇ ಪ್ರಾಣ ಹೋಗಿತ್ತು, ಇಲ್ಲವೇ ಅವರು ಇನ್ನೊಂದು ಮನೆಯಲ್ಲಿದ್ದರು. ಇದು ಇನ್‌ಫ್ಲುಯೆಂಜ. ಆ ವರ್ಷದ ಜೂನ್‌ನಲ್ಲಿ ಬೊಂಬಾಯಿಗೆ ಬಂದು, ಮಳೆಗಾಲದ ಕೊನೆಗೆ ಇನ್ನೂ ಭೀಕರವಾಗಿ ಮರಳಿತು. ನಮ್ಮೂರ ಹುಡುಗರು ಆಗಲೇ ಬೊಂಬಾಯಿಗೆ ಕೆಲಸಕ್ಕೆ ಹೋಗುತ್ತಿದ್ದರು, ಹಬೆ ಹಡಗಿನಲ್ಲಿ ಮನೆಗೆ ಬರುತ್ತಿದ್ದರು. ಮಂಗಳೂರಿಗೆ 1907ರಿಂದ ರೈಲೂ ಇತ್ತು. ಆ ಎರಡು ಮೂರು ತಿಂಗಳಲ್ಲಿ ಸತ್ತವರಲ್ಲಿ ಒಬ್ಬರಿಗೂ ಸಿಮೆಸ್ತ್ರಿಯಲ್ಲಿ ಕಲ್ಲು ಇಲ್ಲ. ಅಷ್ಟು ದೊಡ್ಡ ಸಾವಿನ ಒಂದು ಗುರುತೂ ಮೇಲೆ ಕಾಣುವುದಿಲ್ಲ.

ಅವರನ್ನು ಎಲ್ಲಿ ಹೂಳಿದರು ಅಂತ ಗೊತ್ತಾದದ್ದು ಗುಂಡಿ ತೋಡುವವರಿಂದ. ನಮ್ಮಲ್ಲಿ ಆ ಕೆಲಸ ಒಂದೇ ಮನೆಯವರು ಮೂರು ತಲೆಮಾರಿನಿಂದ ಮಾಡಿಕೊಂಡು ಬಂದಿದ್ದಾರೆ. ಈಗಿನವರಿಗೆ ಎಪ್ಪತ್ತು ದಾಟಿದೆ. ಅವರ ಜೊತೆ ನಕ್ಷೆ ಹಿಡಿದುಕೊಂಡು ನಡೆದದ್ದು ಈ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಪಾಠ. ಕೆಳಗಿನ ಗೋಡೆಯ ಹತ್ತಿರ ಮಣ್ಣು ಬೇರೆ, ಗುದ್ದಲಿ ಸಲೀಸಾಗಿ ಇಳಿಯುತ್ತದೆ, ಎಲುಬು ಒಂದರ ಮೇಲೊಂದು ಸಿಗುತ್ತವೆ, ಮಕ್ಕಳದ್ದೂ ದೊಡ್ಡವರದ್ದೂ ಜೊತೆಗೆ ಅಂತ ಅವರು ಹೇಳಿದರು. ‘ಇದು ಜ್ವರದ ವರ್ಷದ್ದು ಅಂತ ನನ್ನ ಅಜ್ಜ ಹೇಳುತ್ತಿದ್ದರು. ಪೆಟ್ಟಿಗೆ ಮಾಡಲು ಆಚಾರಿಗೂ ಪುರುಸೊತ್ತಿರಲಿಲ್ಲವಂತೆ, ಚಾಪೆಯಲ್ಲಿ ಸುತ್ತಿ ತಂದದ್ದು.’ ರಿಜಿಸ್ಟರಿನ ಹೆಸರುಗಳನ್ನು ಆ ಪಟ್ಟಿಯ ಖಾಲಿ ಹಾಳೆಗಳ ಮೇಲೆ ಬರೆದೆ. ಯಾರ ಗುಂಡಿ ಯಾವುದು ಅಂತ ಹೇಳಲು ಆಗುವುದಿಲ್ಲ. ಈ ಜಾಗದಲ್ಲಿ ಇವರಿದ್ದಾರೆ ಅಂತ ಹೇಳಬಹುದು.

1923ರ ಮಳೆಗಾಲದ ಪುಟದಲ್ಲಿ ಇದಕ್ಕೆ ತದ್ವಿರುದ್ಧ. ನೇತ್ರಾವತಿಯ ಆ ನೆರೆಯನ್ನು ತುಳುವರು ಮಾರಿಬೊಳ್ಳ ಅಂತ ಈಗಲೂ ನೆನೆಯುತ್ತಾರೆ. ಬಂಟ್ವಾಳ, ಪಾಣೆಮಂಗಳೂರು ಮುಳುಗಿದ ವರ್ಷ. ನದಿಯ ದಂಡೆಯ ನಮ್ಮೂರಲ್ಲಿ ರಿಜಿಸ್ಟರಿನ ಪುಟ ತುಂಬಿರಬೇಕು ಅಂತ ನಾನು ಅಂದುಕೊಂಡಿದ್ದೆ. ಇಲ್ಲ. ಮನೆಗಳು ಹೋದವು, ದನಕರು ಹೋದವು, ಮುಂದಿನ ತಿಂಗಳುಗಳಲ್ಲಿ ಹೊಟ್ಟೆನೋವು ಭೇದಿಯಿಂದ ಮಕ್ಕಳು ಸತ್ತರು. ಸಾವಿನ ಕಾರಣ ಅಂತ ಯಾರೂ ನೆರೆಯನ್ನು ಬರೆಯಲಿಲ್ಲ. ಆ ಮಕ್ಕಳನ್ನು ನೆರೆಯ ಲೆಕ್ಕಕ್ಕೆ ಸೇರಿಸಬೇಕು ಅಂತ ನನ್ನ ಅಭಿಪ್ರಾಯ.

ಹಂಚಿನ ಕಾರ್ಖಾನೆಯ ಜನರೂ ಹೀಗೆಯೇ ಸಿಕ್ಕಿದರು. 1865ರಲ್ಲಿ ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಲ್ಲಿ ಹಂಚು ಸುಡಲು ಶುರುಮಾಡಿದ ಮೇಲೆ ನದಿಯ ಉದ್ದಕ್ಕೂ ಕಾರ್ಖಾನೆಗಳೆದ್ದವು. ಗದ್ದೆಯ ಆವೆಮಣ್ಣನ್ನು ದೋಣಿಯಲ್ಲಿ ತುಂಬಿ ಕೆಳಗೆ ಒಯ್ಯುವುದು ನಮ್ಮೂರಿನ ಅನೇಕರ ಹೊಟ್ಟೆಪಾಡಾಗಿತ್ತು. ದೋಣಿಯವರಲ್ಲಿ ನೀರಿನಲ್ಲಿ ಹೋದವರು ರಿಜಿಸ್ಟರಿನಲ್ಲಿ ಇದ್ದಾರೆ. ಅವರ ಮನೆಯವರ ಒಂದು ಸಮಾಧಿಗೆ ಕಲ್ಲಿನ ಬದಲು ತಲೆಯ ಹತ್ತಿರ ಕಾರ್ಖಾನೆಯ ಮುದ್ರೆ ಇರುವ ಹಂಚು ನೆಟ್ಟಿದ್ದಾರೆ. ಹೆಸರಿಲ್ಲ, ತಾರೀಕಿಲ್ಲ. ಗ್ರಾನೈಟ್ ಹಾಕುವ ಪಟ್ಟಿಯಲ್ಲಿ ಅದು ಮೊದಲು ಹೋಗಬೇಕಾಗಿದ್ದ ‘ಕಸ’. ಈಗ ಅದನ್ನು ಉಳಿಸಿಕೊಳ್ಳಲು ಒಪ್ಪಿದ್ದಾರೆ.

ಗೋಡೆಯ ಹೊರಗೆ, ಈಶಾನ್ಯದ ಮೂಲೆಯಲ್ಲಿ, ಒಂದು ಸಣ್ಣ ಜಾಗ ಇದೆ. ಅದಕ್ಕೆ ನಂಬರು ಹಾಕಬೇಕಾ ಅಂತ ಕೇಳಿದವರಿದ್ದರು. ದೀಕ್ಷಾಸ್ನಾನ ಆಗುವ ಮೊದಲೇ ಹೋದ ಕೂಸುಗಳು, ತಾವೇ ಪ್ರಾಣ ಕಳೆದುಕೊಂಡವರು ಅಲ್ಲಿದ್ದಾರೆ. ಆತ್ಮಹತ್ಯೆ ಮಾಡಿಕೊಂಡವರಿಗೆ ಚರ್ಚಿನ ವಿಧಿಯಿಂದ ಹೂಳುವುದನ್ನು 1917ರ ಚರ್ಚ್ ಕಾನೂನು ತಡೆಯುತ್ತಿತ್ತು. 1983ರ ಹೊಸ ಕಾನೂನಿನಲ್ಲಿ ಆ ಮಾತು ಇಲ್ಲ. ದೀಕ್ಷಾಸ್ನಾನ ಆಗದ ಮಕ್ಕಳಿಗೂ ಈಗ ವಿಧಿಯಿಂದ ಸಂಸ್ಕಾರ ಮಾಡಬಹುದು. ಹಾಗಿದ್ದರೂ ಆ ಮೂಲೆ ಗೋಡೆಯ ಹೊರಗೇ ಉಳಿದಿದೆ. ರಿಜಿಸ್ಟರಿನಲ್ಲಿ ಆ ಕೂಸುಗಳಿಲ್ಲ. ಹೆಸರೇ ಇಡದವರನ್ನು ಎಲ್ಲಿ ಬರೆಯುವುದು? ಅಲ್ಲಿ ಯಾರಿದ್ದಾರೆ ಅಂತ ಹೇಳಬಲ್ಲವರು ಹೆತ್ತವರು ಮತ್ತು ಅಕ್ಕಂದಿರು ಮಾತ್ರ. ಎಂಬತ್ತು ದಾಟಿದ ಒಬ್ಬರು ಅಜ್ಜಿ ನನ್ನ ಕೈ ಹಿಡಿದು ಆ ಮೂಲೆಗೆ ಬಂದರು. ಎಲ್ಲಿ ಅಂತ ಕಾಲಿನಿಂದ ತೋರಿಸಲಿಲ್ಲ, ಬಗ್ಗಿ ಅಂಗೈ ಇಟ್ಟು ತೋರಿಸಿದರು. ನಾನು ಹಾಳೆಯಲ್ಲಿ ‘ಗಂಡು ಮಗು, ತಾಯಿಯ ಹೇಳಿಕೆ’ ಅಂತ ಬರೆದು ವರ್ಷ ಹಾಕಿದೆ. ಗೋಡೆ ಕಟ್ಟುವಾಗ ಈ ಮೂಲೆಯನ್ನು ಒಳಗೆ ಸೇರಿಸಬೇಕು ಅಂತ ನಾನು ಚರ್ಚಿನ ಸಭೆಯಲ್ಲಿ ಕೇಳಿದ್ದೇನೆ. ಇನ್ನೂ ಕೇಳುತ್ತೇನೆ.

ಹೆಂಗಸರ ವಿಷಯ ಹೇಳದೆ ಇರಲಾರೆ. ಹಳೆಯ ಕಲ್ಲುಗಳಲ್ಲಿ ಗಂಡನ ಪೂರ್ತಿ ಹೆಸರು, ಹುದ್ದೆ, ಮನೆತನ. ಕೆಳಗೆ ‘ಮತ್ತು ಹೆಂಡತಿ’. ಆಕೆಯ ಹೆಸರು, ತವರು ಹುಡುಕಲು ಮದುವೆಯ ರಿಜಿಸ್ಟರಿಗೆ ಹೋಗಬೇಕಾಯಿತು. ಅದರಲ್ಲಿ ತಂದೆಯ ಹೆಸರೂ ಅವಳ ಊರಿನ ಚರ್ಚೂ ಸಿಗುತ್ತವೆ. ಅಂಥ ಹೆಸರು ಸಿಕ್ಕಿದ ಪ್ರತಿ ಸಲ ಆ ಹಾಳೆಯ ಮೇಲುಗಡೆ ಅವಳ ಹೆಸರನ್ನೇ ಮೊದಲು ಬರೆದಿದ್ದೇನೆ.

ಹಿರಿಯರನ್ನು ಮಾತಾಡಿಸುವಾಗ ವರ್ಷ ಕೇಳಬಾರದು. ‘ಆಗ ನಿಮಗೆ ಮದುವೆ ಆಗಿತ್ತಾ? ದೊಡ್ಡ ನೆರೆ ಬಂದಿತ್ತಾ? ಡಿಕ್ಲರೇಶನ್ ಕೊಟ್ಟಾಗಿತ್ತಾ?’ ಅಂತ ಕೇಳಬೇಕು. 1974ರಲ್ಲಿ ನೆರೆ ಮತ್ತು ಡಿಕ್ಲರೇಶನ್ ಎರಡೂ ಬಂದದ್ದರಿಂದ ಆ ವರ್ಷ ಎಲ್ಲರಿಗೂ ಗಟ್ಟಿ. ವ್ಯಕ್ತಿಯನ್ನು ಹೆಸರಿನಿಂದಲೂ ಹುಡುಕಬಾರದು. ಡಿಸೋಜ, ಪಿಂಟೊ, ಲೋಬೊ ಅಂದರೆ ಅರ್ಧ ಊರು ಬರುತ್ತದೆ. ಮನೆ ಇದ್ದ ಜಾಗದ ತುಳು ಹೆಸರು ಹೇಳಿದರೆ ಸಾಕು, ತಕ್ಷಣ ಇಡೀ ಕುಟಾಮ್ (ಕುಟುಂಬ) ಕಣ್ಣ ಮುಂದೆ ನಿಲ್ಲುತ್ತದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಬಾಯಿಂದ ಕೇಳುವ ತನಕ ಪೆನ್ಸಿಲಿನಲ್ಲೇ ಬರೆದಿಡಬೇಕು.

ಎಲ್ಲವನ್ನೂ ಊರವರಿಗೆ ತೋರಿಸಬಹುದಾ ಎಂಬ ಪ್ರಶ್ನೆ ಬಂತು. ನಾವು ಮಾಡಿಕೊಂಡ ಏರ್ಪಾಡು ಇಷ್ಟು. ಕಲ್ಲಿನ ಮೇಲೆ ಇರುವುದು ಎಲ್ಲರಿಗೂ ತೆರೆದದ್ದು. ರಿಜಿಸ್ಟರಿನದ್ದು ಚರ್ಚಿನ ಆಫೀಸಿನಲ್ಲಿ ಕೇಳಿದ ಕುಟುಂಬಕ್ಕೆ ಮಾತ್ರ. ಗೋಡೆಯ ಹೊರಗಿನ ಮೂಲೆಯ ಹಾಳೆಗಳು ಹೇಳಿದವರ ಮನೆಯವರಿಗೆ ಮಾತ್ರ. ಫೋಟೊಗಳ ಮೂರು ಪ್ರತಿ ಮೂರು ಬೇರೆ ಕಡೆ ಇಟ್ಟಿದ್ದೇವೆ, ಕಾಗದದ ಪ್ರತಿಯೂ ಇದೆ. ಹಾರ್ಡ್ ಡಿಸ್ಕನ್ನು ನಮ್ಮ ಮಳೆಗಾಲದ ತೇವಕ್ಕೆ ನಂಬಿ ಕೂರಬೇಡಿ.

ಈಗ ನಡೆಯುತ್ತಿರುವ ಕೆಲಸ ಮರಣದ ಫೋಟೊಗಳದ್ದು. ತೆರೆದ ಪೆಟ್ಟಿಗೆಯ ಸುತ್ತ ಮನೆಯವರೆಲ್ಲ ನಿಂತು ಫೋಟೊ ತೆಗೆಸುವುದು ನಮ್ಮಲ್ಲಿ ಇತ್ತೀಚಿನವರೆಗೂ ಇದ್ದ ಪದ್ಧತಿ. ಸತ್ತವರ ಕಲ್ಲು ಇಲ್ಲದಿದ್ದರೂ ಫೋಟೊ ಇರುತ್ತದೆ. ಹಿಂದೆ ಸ್ಟುಡಿಯೊದ ಮುದ್ರೆ, ಕೆಲವೊಮ್ಮೆ ತಾರೀಕು. ಆದರೆ ಮುಂದೆ ನಿಂತ ಇಪ್ಪತ್ತು ಜನರ ಹೆಸರು ಯಾರೂ ಬರೆದಿಟ್ಟಿಲ್ಲ. ಗುರುತು ಹಿಡಿಯಬಲ್ಲವರು ಪ್ರತಿ ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಂಥ ಫೋಟೊ ಇದ್ದರೆ ಈ ವಾರವೇ ಹೊರಗೆ ತೆಗೆಯಿರಿ. ಮನೆಯ ಹಿರಿಯರ ಪಕ್ಕದಲ್ಲಿ ಕೂತು, ಫೋಟೊದ ಒಂದು ಜೆರಾಕ್ಸ್ ಮೇಲೆ ಎಡದಿಂದ ಬಲಕ್ಕೆ ನಂಬರು ಹಾಕಿ ಹೆಸರು ಬರೆಯಿರಿ. ಮೂಲ ಫೋಟೊದ ಹಿಂದೆ ಪೆನ್ನು ತಾಗಿಸಬೇಡಿ, ಮೆತ್ತಗಿನ ಪೆನ್ಸಿಲ್ ಸಾ‌ಕು.